ಕೆಂಪು ದೀಪ ಹತ್ತಿತ್ತಲ್ಲವೇ?

ಬಾಗಲಕೋಟೆ
೧೪ ಆಗಸ್ಟ್ ೨೦೨೫

ನನ್ನ ಮುದ್ದು ಗೆಳತಿ ಭಾಗ್ಯಾಳಿಗೆ,

ನಿನ್ನ ಪ್ರಾಚಿಯ ಪ್ರೀತಿಯ ಅಪ್ಪುಗೆ. ಹುನಗುಂದದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು, ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ.

ಕೂಸು ಹೋದ ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ. ಖರೆ ಹೇಳುತ್ತೇನೆ, ಅತ್ತುಬಿಟ್ಟೆ. ಆದರೆ ನಿಮ್ಮವ್ವ ರಂಗವ್ವ, "ನನ್ನ ಮಗಳು ಗುಂಡಿ ಒತ್ತೇ ಒತ್ತಿದ್ಳು, ಯಾರೂ ಬರ್ಲಿಲ್ಲ" ಎಂದು ಹುನಗುಂದದ ತುಂಬ ಹೇಳಿಕೊಂಡು ತಿರುಗುವುದು ಸರಿಯೇ? ನೀನೇ ತಿಳಿಸಿ ಹೇಳು. ಬಸುರಿಯರಿಗೆಂದು ನಮ್ಮ ಕಂಪನಿ ಮಾಡಿ ನಿನಗೆ ಕೊಟ್ಟ ಕೈಪಟ್ಟಿಯ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ಹತ್ತಿತ್ತಲ್ಲವೇ? ಆಂಬುಲೆನ್ಸಿಗೆ ಸುದ್ದಿ ಮುಟ್ಟಿಸುವ ಭಾಗವನ್ನು ಬಂಡವಾಳ ಹಾಕುವವರು ಸಿಕ್ಕ ಮೇಲೆ ಮಾಡಿದರಾಯಿತು ಎಂದು ನನ್ನ ಪಾಲುದಾರ ಪಂಢರೀನಾಥ ಮೊದಲಿನಿಂದಲೂ ಹೇಳುತ್ತಿದ್ದ. ಈ ವ್ಯವಹಾರದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ನೀನು ಸುಮ್ಮನೆ ಹೆದರುತ್ತೀ ಎಂದು ನಿನಗೆ ಹೇಳಿರಲಿಲ್ಲ.

ಸೀಮಂತದ ಕುಬುಸ ಮುಗಿಸಿ ನಿನ್ನನ್ನು ತವರಿಗೆ ಕರೆದೊಯ್ಯಲು ನಿಮ್ಮವ್ವ ನಿನ್ನ ಗಂಡನ ಊರು ಮರೋಳಕ್ಕೆ ಬಂದಾಗ ನಾನು ತಡೆದೆನಂತೆ. ನಾನಂದದ್ದು ಇಷ್ಟೇ: "ಕೈಯಾಗ ಪಟ್ಟಿ ಅದ, ತವರಿಗೆ ಯಾಕ ಹೋಗ್ತೀ?" ದವಾಖಾನೆಯ ಪಕ್ಕದ ತವರಿನಲ್ಲಿ ಕೂತ ಬಸುರಿಯನ್ನು ತೋರಿಸಿದರೆ ಯಾರು ಬಂಡವಾಳ ಹಾಕುತ್ತಾರೆ? ಹಳ್ಳಿಯಲ್ಲೇ ಉಳಿದವಳು ಬೇಕಿತ್ತು. ಉಳಿದವಳು ನೀನು, ನಾನೇನು ಕಾಲಿಗೆ ಹಗ್ಗ ಕಟ್ಟಿರಲಿಲ್ಲ. ನೋವು ಬಂದಾಗ ಯಾರಿಗೂ ಫೋನ್ ಮಾಡದೆ ದೀಪ ನೋಡುತ್ತ ಗಾಡಿಗೆ ಕಾದವಳೂ ನೀನೇ. ಓದಿದವರು ಹೀಗೆ ಮಾಡುತ್ತಾರೆಯೇ?

ಇರಲಿ. ನಿನಗಿನ್ನೂ ವಯಸ್ಸಿದೆ, ದೇವರು ಇನ್ನೊಂದು ಕೊಡುತ್ತಾನೆ. ನಮ್ಮ ಕಂಪನಿಗೆ ಮಾತ್ರ ಇದು ಕೊನೆಯ ಅವಕಾಶ. ಬರುವ ತಿಂಗಳು ಹುಬ್ಬಳ್ಳಿಯ ದೊಡ್ಡ ಸ್ಪರ್ಧೆಯಲ್ಲಿ ಬಂಡವಾಳ ಹಾಕುವವರ ಮುಂದೆ ನಾವು ಕೈಪಟ್ಟಿಯ ಬಗ್ಗೆ ಮಾತಾಡಬೇಕು. ಪಂಢರೀನಾಥ ದಿನಾ ಕನ್ನಡಿ ಮುಂದೆ ನಿಂತು ಕಣ್ಣೀರು ತರಿಸಿಕೊಳ್ಳುವುದನ್ನು ರೂಢಿ ಮಾಡುತ್ತಿದ್ದಾನೆ. ಈಗೀಗ ನಿನ್ನ ಹೆಸರು ಬಂದ ಕೂಡಲೇ ಸರಿಯಾಗಿ ಬರುತ್ತಿದೆ.

ಬಾಣಂತಿ ಮೈ, ತಣ್ಣೀರು ಮುಟ್ಟಬೇಡ. ಕಿವಿಗೆ ಅರಿವೆ ಕಟ್ಟಿಕೋ.

ಎಂದಿಗೂ ನಿನ್ನವಳೇ ಆದ
ಪ್ರಾಚಿ

ತಾ.ಕ.: ಸ್ಪರ್ಧೆಯವರು ನಿನ್ನನ್ನು ವಿಚಾರಿಸಬಹುದು. ಗಾಡಿ ಹೊತ್ತಿಗೆ ಸರಿಯಾಗಿ ಬಂತು, ಗಂಡುಮಗು, ಆರಾಮಾಗಿದೆ ಎನ್ನು. ಹೆಸರು ಕೇಳಿದರೆ ಬೀರಲಿಂಗ ಎನ್ನು, ಪರದೆಯ ಮೇಲೆ ತೋರಿಸುವುದರಲ್ಲಿ ಹಾಗೇ ಬರೆದಿದ್ದೇವೆ. ನಿಮ್ಮ ಮನೆದೇವರು ಬೀರಪ್ಪ ಅಲ್ಲವೇ, ನಿನಗೆ ಸಂತೋಷವಾಗಲಿ ಎಂದು ನಾನೇ ಆರಿಸಿದೆ.