ಬೆನ್ನು ಮಾಡಿ ಕೂತ ಮರಿ

ಮುಂದಿನ ಕೋಣೆ, ಕನ್ನಡಿಯ ಎದುರು
ಅಕ್ಟೋಬರ್ ಹನ್ನೊಂದು, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಗುಂಗುರಮ್ಮನಿಗೆ,

ತಾತನ ನೂರು ಮುತ್ತು. ಹೇಗಿದ್ದೀಯ ಮಗಳೇ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ಕೆಮ್ಮು ಹೋಯಿತೇ? ಮೇಲಿನ ಹಲ್ಲು ಅಲ್ಲಾಡುತ್ತಿದೆ ಅಂದಿದ್ದೆ, ಬಿತ್ತೋ, ಇನ್ನೂ ನಾಲಿಗೆಯಲ್ಲಿ ತಳ್ಳಿಕೊಂಡೇ ಪಾಠ ಕೇಳುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೊದಲಿನ ಹಾಗೇ. ಕೂತರೆ ಏಳಲು ಬಿಡುವುದಿಲ್ಲ, ಎದ್ದರೆ ಕೂರಲು ಬಿಡುವುದಿಲ್ಲ. ಇತ್ತೀಚೆಗೆ ನೆಲದ ಮೇಲೆ ಕೂತು ಮಾಡುವ ಕೆಲಸವೇ ಹೆಚ್ಚಾಗಿ, ಅದು ನನ್ನ ಜೊತೆ ಮಾತು ಬಿಟ್ಟಿದೆ.

ನಿನ್ನ ಕಾಗದ ಬಂತು. ಕನ್ನಡಕ ಹಾಕಿಕೊಂಡು ಒಮ್ಮೆ ಓದಿದೆ, ತೆಗೆದಿಟ್ಟು ಇನ್ನೊಮ್ಮೆ ಓದಿದೆ. ‘ನಿನ್ನ ಕತ್ತರಿ ತಗೊಂಡು ಬಂದು ನೀನೇ ನನ್ನ ಕೂದಲು ಸರಿಮಾಡು. ಇಲ್ಲಾಂದ್ರೆ ನನ್ನನ್ನ ವಾಪಸ್ ಕರ್ಕೊಂಡು ಹೋಗು. ಅವರ ಕೈಗೆ ನಾನು ತಲೆ ಕೊಡಲ್ಲ’ ಅಂತ ಬರೆದಿದ್ದೀಯ. ಕೊನೆಯ ಸಾಲಿನ ಕೆಳಗೆ ಎಳೆದ ಗೆರೆಗೆ ಕಾಗದವೇ ಹರಿದಿದೆ. ಓದಿ ಮುಗಿಸಿ, ಆ ಹಳೆಯ ತಿರುಗುವ ಕುರ್ಚಿಯಲ್ಲಿ ಸುಮಾರು ಹೊತ್ತು ಕೂತಿದ್ದೆ. ಕಟಿಂಗ್ ಅಂಗಡಿ ಮುಚ್ಚಿದಾಗ ಎಲ್ಲ ಮಾರಿ ಅದೊಂದನ್ನು ಮನೆಗೆ ತಂದದ್ದು ನಿನಗೆ ಗೊತ್ತಲ್ಲ. ಅದರಲ್ಲಿ ಊರೆಲ್ಲ ಕೂತಿದೆ, ನಾನು ಕೂತದ್ದೇ ಕಡಿಮೆ. ನಿನ್ನ ಮಾತಿಗೆ ಉತ್ತರ ಕೊಡುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಅದಕ್ಕೆ ಮುಂಚೆ ಈ ಮನೆಯ ಸುದ್ದಿ ಕೇಳು.

ನಿಮ್ಮಮ್ಮ ತೀರಿಕೊಂಡಾಗಿನಿಂದ ನನ್ನ ಮಗ್ಗುಲಲ್ಲೇ ಬೆಳೆದವಳು ನೀನು. ನಿಮ್ಮಪ್ಪ ಮತ್ತೆ ಮದುವೆಯಾಗಿ, ನಿನ್ನ ಚಿಕ್ಕಮ್ಮನ ಜೊತೆ ಮನೆ ಮಾಡಿ, ನಿನ್ನನ್ನು ಕರೆದುಕೊಂಡು ಹೋದ ಮೇಲೆ ಈ ಮನೆ ಬಿಕೋ ಅನ್ನುತ್ತಿತ್ತು. ಅಂಥ ಹೊತ್ತಿನಲ್ಲಿ ಪ್ರಾಣಿಗಳ ಆಸರೆಮನೆಯ ಡಾಕ್ಟರಮ್ಮ ಬಂದು, ‘ತಾತ, ಒಂದು ನಾಯಿಮರಿ ಇದೆ, ತರ್ಲಾ?’ ಅಂದರು. ‘ಬೇಡಮ್ಮ, ಮರಿ ನೋಡ್ಕೊಳ್ತಿದ್ದವಳು ಅವಳು. ನಾನು ಬರೀ ಬಟ್ಟಲು ತೊಳೀತಿದ್ದವನು’ ಅಂದೆ. ನಿಜ ತಾನೆ? ಬೀದಿಯಲ್ಲಿ ಸಿಕ್ಕ ಪುಕ್ಕಲು ಮರಿಗಳನ್ನು ಮನೆಯಲ್ಲಿಟ್ಟುಕೊಂಡು, ಮನುಷ್ಯರ ಸಹವಾಸ ಕಲಿಸಿ, ಒಳ್ಳೆಯ ಮನೆಗೆ ದತ್ತು ಕೊಡುವ ಈ ಕೆಲಸಕ್ಕೆ ನನ್ನನ್ನು ಹಚ್ಚಿದವಳೇ ನೀನು. ಹೋದ ವರ್ಷದ ಕಪ್ಪು ಮರಿ ನನ್ನ ಚಪ್ಪಲಿ ತಿಂದಾಗ, ‘ಅದಕ್ಕೆ ಹಲ್ಲು ಬರ್ತಿದೆ ತಾತ, ಪಾಪ’ ಅಂತ ಅದರ ಪರ ವಕಾಲತ್ತು ಮಾಡಿದವಳೂ ನೀನೇ. ನಾನು ಬರಿಗಾಲಲ್ಲಿ ಪೇಟೆಗೆ ಹೋಗಿ ಬಂದೆ, ನನಗೆ ಯಾರೂ ಪಾಪ ಅನ್ನಲಿಲ್ಲ. ಆದರೆ ಡಾಕ್ಟರಮ್ಮ ‘ಬೇಡ’ ಅನ್ನುವ ಮಾತು ಕೇಳಿಸಿಕೊಳ್ಳುವ ಪೈಕಿಯಲ್ಲ. ಮಾರನೆಯ ದಿನ ಒಂದು ಬುಟ್ಟಿ ತಂದಿಟ್ಟು ಹೋದರು. ಒಳಗೆ ಇಣುಕಿದರೆ ಎರಡು ಕಿವಿ, ಒಂದಿಷ್ಟು ನಡುಕ.

ಮಣ್ಣಿನ ಬಣ್ಣದ ಮರಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಪುಸ್ತಕದ ಹಾಳೆಯ ಮೂಲೆ ಮಡಚಿದ ಹಾಗೆ. ಅರ್ಧ ಕಟ್ಟಿ ಬಿಟ್ಟ ಕಟ್ಟಡದಲ್ಲಿ ಸಿಕ್ಕಿತಂತೆ. ಯಾರೋ ಮೇಲಿಂದ ಕೈಯೆತ್ತಿ ಹೊಡೆದಿದ್ದಾರೆ, ಅದಕ್ಕೇ ಯಾವ ಕೈ ಮೇಲೆದ್ದರೂ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಬುಟ್ಟಿಯಿಂದ ಇಳಿದದ್ದೇ ಈ ಕುರ್ಚಿಯ ಅಡಿಗೆ ನುಗ್ಗಿತು. ಊಟಕ್ಕೂ ಹೊರಗೆ ಬರಲಿಲ್ಲ. ಹೆಸರು ಹೊಸ ಮನೆಯವರೇ ಇಡಬೇಕು ಅನ್ನುವುದು ನೀನೇ ಮಾಡಿದ ಕಾನೂನು. ಆದರೂ ಏನಾದರೂ ಅಂತ ಕರೆಯಬೇಕಲ್ಲ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಡದವನನ್ನು ಇನ್ನೇನು ಅನ್ನಲಿ, ‘ಗಿರಾಕಿ’ ಅಂದೆ.

ನೀನು ಕಲಿಸಿದ ಹಾಗೇ ಶುರು ಮಾಡಿದೆ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರುವುದು, ಅದರ ಕಡೆ ನೋಡದಿರುವುದು, ಬೇಯಿಸಿದ ಮೊಟ್ಟೆಯ ಚೂರನ್ನು ಅಂಗೈಯಲ್ಲಿಟ್ಟು ಕೈಯನ್ನು ನೆಲದ ಮೇಲೇ ಮರೆತುಬಿಡುವುದು. ಮರಿ ತಿಂದರೂ ಗೊತ್ತಾಗದವನ ಹಾಗೆ ಗೋಡೆ ನೋಡುವುದು. ಸವರುವಾಗ ಮೊದಲು ಎದೆ, ಆಮೇಲೆ ಗಲ್ಲ, ಕೈ ಯಾವಾಗಲೂ ಕೆಳಗಿನಿಂದ. ಎಲ್ಲ ಸರಿಯಾಗೇ ಹೋಗುತ್ತಿತ್ತು. ಒಂದು ದಿನ ಅದು ನನ್ನ ಅಂಗೈ ನೆಕ್ಕುತ್ತಾ ತಲೆ ವಾಲಿಸಿತು ನೋಡು. ಜೀವಮಾನವಿಡೀ ವಾಲಿದ ತಲೆಗಳನ್ನು ನೆಟ್ಟಗೆ ಮಾಡಿದ ಕೈ ಇದು. ನನ್ನನ್ನು ಕೇಳದೆ ತಾನೇ ಎದ್ದು, ಮೇಲಿಂದ ಹೋಗಿ, ಅದರ ನೆತ್ತಿ ಹಿಡಿದು ತಲೆ ನೇರ ಮಾಡಿಬಿಟ್ಟಿತು. ಮರಿ ಕಿರುಚಲೂ ಇಲ್ಲ. ನಿಂತಲ್ಲೇ ಉಚ್ಚೆ ಹೊಯ್ದು, ಕುರ್ಚಿಯಡಿಗೆ ಸೇರಿ, ಮುಖವನ್ನು ಗೋಡೆಗೆ ಒತ್ತಿಕೊಂಡು ಕೂತಿತು. ಗಳಿಸಿದ್ದೆಲ್ಲ ಒಂದೇ ಗಳಿಗೆಯಲ್ಲಿ ನೀರಿನ ಪಾಲು. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, ‘ಅಲ್ಲಾ ತಾತ, ಅದಕ್ಕೇನು ಕಟಿಂಗ್ ಮಾಡೋಕೆ ಹೊರಟಿದ್ರಾ?’ ಅಂದರು. ನಗುತ್ತಲೇ ಬಟ್ಟೆ ತಂದು ನೆಲ ಒರೆಸಿದೆ.

ಮತ್ತೆ ಮೊದಲಿನಿಂದ. ಮರಿ ಒಳ್ಳೆಯದೇನು ಮಾಡಿದರೂ ಒಂದೇ ಥರದ ಸದ್ದು ಮಾಡಿ ತಿಂಡಿ ಕೊಡಬೇಕು ಅಂತ ಡಾಕ್ಟರಮ್ಮ ‘ಟಿಕ್’ ಅನ್ನುವ ಪುಟ್ಟ ಡಬ್ಬಿ ಕೊಟ್ಟಿದ್ದರು. ನನ್ನ ಹೆಬ್ಬೆರಳಿಗೆ ಅದು ಸಿಗುತ್ತಲೇ ಇರಲಿಲ್ಲ. ಕೊನೆಗೆ ಕತ್ತರಿ ತಂದೆ. ಗಾಳಿಯಲ್ಲಿ ಕತ್ತರಿ ಆಡಿಸುವುದು ನಮ್ಮ ಕೆಲಸದವರಿಗೆಲ್ಲ ಇರುವ ಚಟ, ಸದ್ದು ಒಂದಿಷ್ಟೂ ಹೆಚ್ಚುಕಮ್ಮಿ ಆಗುವುದಿಲ್ಲ. ಮೂಗು ಹೊರಗೆ ಬಂದರೆ ಒಂದು ‘ಕಚ್’, ಮೊಟ್ಟೆ. ಮುಂಗಾಲು ಬಂದರೆ ಒಂದು ‘ಕಚ್’, ಮೊಟ್ಟೆ. ಕೊನೆಕೊನೆಗೆ ಕತ್ತರಿ ಎತ್ತಿಕೊಂಡರೆ ಸಾಕು, ಮಡಚಿದ ಕಿವಿಯೂ ಎದ್ದು ನಿಲ್ಲುತ್ತಿತ್ತು. ನಿನಗೆ ಮೊದಲ ಕಟಿಂಗ್ ಮಾಡಿದ ಅದೇ ಕತ್ತರಿ. ಆಗ ನೀನು ಮನೆ ಎತ್ತಿಹೋಗುವ ಹಾಗೆ ಅತ್ತಿದ್ದೆ. ನಿನ್ನ ಕೈಗೊಂದು ಬಾಚಣಿಗೆ ಕೊಟ್ಟು, ಮೊದಲು ನನ್ನ ತಲೆ ಬಾಚು ಅಂದ ಮೇಲೆ ಸುಮ್ಮನಾದೆ.

ಇನ್ನು ಮುಖ್ಯವಾದ ವಿಷಯ. ಒಂದು ಮಧ್ಯಾಹ್ನ ಗಿಡ್ಡ ಸ್ಟೂಲಿನ ಮೇಲೆ ಕೂತು ಕತ್ತರಿಗೆ ಎಣ್ಣೆ ಬಿಡುತ್ತಿದ್ದೆ. ಕರೆದಿರಲಿಲ್ಲ, ಮೊಟ್ಟೆಯೂ ಇರಲಿಲ್ಲ. ಗಿರಾಕಿ ಕುರ್ಚಿಯಡಿಯಿಂದ ಬಂದ, ನನ್ನನ್ನು ಒಂದು ಸುತ್ತು ಹಾಕಿದ, ನನ್ನ ಎರಡು ಪಾದಗಳ ನಡುವೆ ನನಗೆ ಬೆನ್ನು ಮಾಡಿ ಕೂತ. ಕೂತು ಬಾಗಿಲಾಚೆ ಬೀದಿ ನೋಡತೊಡಗಿದ. ತಿರುಗಿ ಒಮ್ಮೆಯೂ ನನ್ನ ಕೈ ಎಲ್ಲಿದೆ ಅಂತ ನೋಡಲಿಲ್ಲ. ಎಣ್ಣೆ ಬಿಡುತ್ತಿದ್ದ ಕೈಯನ್ನು ಇದ್ದಲ್ಲೇ ಇಟ್ಟೆ. ಎಣ್ಣೆ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು, ತೊಟ್ಟಿಕ್ಕಲಿ ಅಂದುಕೊಂಡೆ. ಸಂಜೆ ಡಾಕ್ಟರಮ್ಮನಿಗೆ ಹೇಳಿದರೆ ಅವರ ದನಿಯೇ ಬದಲಾಯಿತು. ‘ಬಾಲ ಯಾರಿಗೆ ಬೇಕಾದ್ರೂ ಅಲ್ಲಾಡಿಸ್ತಾವೆ ತಾತ. ತನಗೆ ಕಾಣದೇ ಇರೋ ಕಡೆ ನಿಮ್ಮನ್ನ ಕೂರಿಸ್ಕೊಂಡಿದೆ ನೋಡಿ, ಅದು ದೊಡ್ಡದು’ ಅಂದರು. ಆಗ ನನಗೆ ಹೊಳೆಯಿತು. ನನ್ನ ಹತ್ತಿರ ಬಂದವರೆಲ್ಲ ನನಗೆ ಬೆನ್ನು ಮಾಡಿಯೇ ಕೂರುತ್ತಿದ್ದರು, ನನ್ನ ಕೈಯಲ್ಲಿ ಹರಿತವಾದದ್ದು ಇದ್ದರೂ. ಅವರ ಎದುರಿಗೆ ಕನ್ನಡಿಯಾದರೂ ಇತ್ತು. ಈ ಮರಿಯ ಎದುರಿಗೆ ಬರೀ ಬೀದಿ.

ಗಿರಾಕಿಯನ್ನು ದತ್ತು ತೆಗೆದುಕೊಳ್ಳುತ್ತಿರುವುದು ಯಾರು ಗೊತ್ತೇ? ನಮ್ಮ ಅಂಚೆಯಣ್ಣ. ನಗಬೇಡ. ‘ಊರಿನ ನಾಯಿಗಳೆಲ್ಲ ನನ್ನ ಮೇಲೆ ಬೊಗಳ್ತಾವೆ ತಾತ, ಒಂದಾದ್ರೂ ನನ್ನ ಕಡೆ ಇರ್ಲಿ’ ಅಂದ. ಮೊದಲ ದಿನ ಖಾಕಿ ಅಂಗಿ, ಚೀಲ ಸಮೇತ ಅವನು ಬಂದಾಗ ಮರಿ ದಿಕ್ಕೆಟ್ಟು ಓಡಿತು. ಆಮೇಲೆ ರಜೆ ಇದ್ದಾಗಲೆಲ್ಲ ಬರೀ ಬನಿಯನ್ನಿನಲ್ಲಿ ಬಂದು ಹೊಸ್ತಿಲ ಮೇಲೆ ಕೂರತೊಡಗಿದ. ಕೆಲವು ವಾರ ಕಳೆದ ಮೇಲೆ ಮುಖ ಸಣ್ಣದು ಮಾಡಿಕೊಂಡು, ‘ಇದಕ್ಕೆ ನಾನು ಹಿಡಿಸ್ಲಿಲ್ಲ ಅನ್ಸುತ್ತೆ’ ಅಂದ. ‘ನೀನಿನ್ನೂ ಅಂಗಡಿ ಬಾಗಿಲಲ್ಲೇ ಇದೀಯಪ್ಪ. ಒಳಗೆ ಬಾ ಅಂತ ಅದು ಕರೀಬೇಕು’ ಅಂದೆ. ದೊಡ್ಡ ಮನುಷ್ಯ, ಕಣ್ಣಲ್ಲಿ ನೀರು. ನಾನು ಮರಿಯ ಹೆದರಿಕೆಯನ್ನೇ ನೋಡುತ್ತಿದ್ದವನು, ಕಾಯುತ್ತಾ ಕೂತವರಿಗೂ ಹೆದರಿಕೆ ಇರುತ್ತದೆ ಅಂತ ಅವತ್ತು ಕಂಡೆ. ಹೋದ ವಾರ ಮರಿ ಅವನ ಕಾಲುಗಳ ನಡುವೆ ಬೀದಿಗೆ ಮುಖ ಮಾಡಿ ಕೂತಿತು. ಅವನು ಅಲ್ಲಾಡದೆ ಕೂತು ಕಾಲು ಜೋಮು ಹಿಡಿಸಿಕೊಂಡು, ಗೋಡೆ ಹಿಡಿದು ಮನೆಗೆ ಹೋದ.

ಒಂದೇ ತೊಡಕು. ಅವನು ಪೇಟೆಯಿಂದ ತಂದ ಹೊಸ ಕತ್ತರಿಯ ಸದ್ದಿಗೆ ಗಿರಾಕಿ ತಿರುಗಿಯೂ ನೋಡಲಿಲ್ಲ. ಅದಕ್ಕೆ ನನ್ನ ಕತ್ತರಿಯನ್ನೇ ಬಟ್ಟೆಯಲ್ಲಿ ಸುತ್ತಿ ಅವನ ಚೀಲಕ್ಕೆ ಹಾಕಿದ್ದೇನೆ. ಹೊಸ ಮನೆಯಲ್ಲಿ ಪರಿಚಯದ ಸದ್ದು ಒಂದಾದರೂ ಇರಲಿ. ಇವತ್ತು ಕರೆದುಕೊಂಡು ಹೋಗುತ್ತಾನೆ. ಈಗ ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದಾರೆ, ಈ ಕಾಗದವೂ ಅವನ ಕೈಯಲ್ಲೇ ಹೋಗಬೇಕು.

ನನಗೆ ಗಿರಾಕಿಯನ್ನು ಇಟ್ಟುಕೊಳ್ಳುವ ಆಸೆ ಇರಲಿಲ್ಲ ಅಂದುಕೊಳ್ಳಬೇಡ. ನಿನ್ನೆ ಬಟ್ಟಲು ತೊಳೆಯುತ್ತಾ ‘ಇಲ್ಲೇ ಇರಲಿ ಬಿಡು’ ಅಂತ ಅನ್ನಿಸಿದ್ದು ಸುಳ್ಳಲ್ಲ. ಆದರೆ ನನ್ನ ಮಂಡಿಗೆ ಅವನ ಜೊತೆ ಓಡುವ ವಯಸ್ಸಲ್ಲ. ಅವನ ಮುಂದೆ ಎಷ್ಟೋ ಬೀದಿಗಳಿವೆ. ನಿನ್ನ ಕಾಗದ ಓದಿದಾಗಲೂ ಹಾಗೇ, ಮನಸ್ಸು ಆಗಲೇ ಬಸ್ಸು ಹತ್ತಿ ಕೂತಿತ್ತು. ಅದನ್ನು ಇಳಿಸಿ ಮನೆಗೆ ಕರೆತರುವುದೇ ಕಷ್ಟವಾಯಿತು. ರಜೆಗೆ ಬಾ, ನಿನ್ನ ಹಾಸಿಗೆ ಹಾಗೇ ಇದೆ, ಡಾಕ್ಟರಮ್ಮ ಇನ್ನೊಂದು ಬುಟ್ಟಿಯ ಮಾತಾಡುತ್ತಿದ್ದಾರೆ. ಆದರೆ ಈಗ ಕರೆದುಕೊಂಡು ಬರಲು ನಾನು ಬರುವುದಿಲ್ಲ ಮಗಳೇ. ಕೋಪ ಮಾಡಿಕೋ. ಬೇಕಾದರೆ ಅದನ್ನೂ ಬರೆದು ಕಳಿಸು, ಗೆರೆ ಎಳೆದೇ ಕಳಿಸು.

ನಿಮ್ಮಪ್ಪನಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಚಿಕ್ಕಮ್ಮನಿಗೂ. ಹಲ್ಲು ಬಿದ್ದರೆ ಬಿಸಾಡಬೇಡ, ನನಗೆ ತೋರಿಸಬೇಕು. ನೀನು ಎಲ್ಲಿದ್ದರೂ ನಿದ್ದೆ ಚೆನ್ನಾಗಿ ಬರಲಿ, ಎದ್ದಾಗ ನಗು ಬರಲಿ.

ಇಂತಿ ನಿನ್ನ,
ಕತ್ತರಿ ಕಳಕೊಂಡ ತಾತ

ಮರೆತಿದ್ದೆ: ಅಂಚೆಯಣ್ಣ ಎದ್ದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ಚಿಕ್ಕಮ್ಮ ನನಗೆ ಫೋನ್ ಮಾಡಿದ್ದಳು. ನನ್ನನ್ನು ಏನು ಅಂತ ಕರೆಯಬೇಕೋ ತಿಳಿಯದೆ ತಡವರಿಸಿ, ‘ನಾನೂ ತಾತ ಅನ್ಲಾ?’ ಅಂತ ಕೇಳಿದಳು. ನಿನ್ನ ಕೂದಲು ಸಿಕ್ಕಾಗಿದೆ ಅಂತ ಶಾಲೆಯವರು ಹೇಳಿ ಕಳಿಸಿದ್ದಾರಂತೆ. ಗಿಡ್ಡಕ್ಕೆ ಕತ್ತರಿಸಿಬಿಡೋಣ ಅಂದ ನಿಮ್ಮಪ್ಪನಿಗೆ ಆಕೆ, ‘ಅವಳನ್ನ ಕೇಳದೆ ಒಂದು ಎಳೆ ಮುಟ್ಟಕೂಡದು’ ಅಂದಳಂತೆ. ಹಾಗಾಗಿ ಫೋನಿನಲ್ಲೇ ಕಲಿಸಿದ್ದೇನೆ. ತುದಿಯಿಂದ ಶುರು ಮಾಡಬೇಕು, ಬುಡದಿಂದಲ್ಲ. ಕೈ ಪಕ್ಕದಿಂದ ಬರಬೇಕು, ಮೇಲಿಂದಲ್ಲ. ಕುರ್ಚಿಯ ಬೆನ್ನಿಗೆ ಉಲ್ಲನ್ ದಾರ ಕಟ್ಟಿಕೊಂಡು ಜಡೆ ಹೆಣೆಯುವುದನ್ನು ಅಭ್ಯಾಸ ಮಾಡುತ್ತಿದ್ದಾಳಂತೆ, ನೀನು ಶಾಲೆಗೆ ಹೋದ ಮೇಲೆ. ನಾನು ಹೇಳಿದೆ ಅನ್ನಬೇಡ. ನೋವಾದರೆ ಜೋರಾಗಿ ‘ಆಯ್’ ಅನ್ನು, ಆ ಕ್ಷಣವೇ ಕೈ ನಿಲ್ಲಿಸುತ್ತೇನೆ ಅಂತ ಚಿಕ್ಕಮ್ಮ ನನಗೆ ಮಾತು ಕೊಟ್ಟಿದ್ದಾಳೆ. ನಿಲ್ಲಿಸದಿದ್ದರೆ ಆಗ ನೋಡು, ನಾನು ಬಸ್ಸು ಹತ್ತುತ್ತೇನೆ. ನಿನಗೆ ಮನಸ್ಸು ಬಂದ ದಿನ, ಏನೂ ಮಾತಾಡದೆ, ಬಾಚಣಿಗೆಯನ್ನು ಆಕೆಯ ಕೈಗೆ ಕೊಟ್ಟು ಮುಂದೆ ಹೋಗಿ ಕೂತುಕೋ. ಈಗ ಮೆಟ್ಟಿಲು ಇಳಿಯುವಾಗ ಗಿರಾಕಿ ಒಂದು ಸಲ ತಿರುಗಿ ನನ್ನನ್ನು ನೋಡಿದ. ನೀನೂ ಒಂದು ಸಲ ತಿರುಗಿ ನೋಡು, ತಪ್ಪಿಲ್ಲ. ಆಮೇಲೆ ಮುಂದೆ ನೋಡು. ಬೈತಲೆ ನೇರ ಬರಬೇಕಲ್ಲ.