ಖಾಲಿ ಬಂದ ಡಬ್ಬಿ

೨೦ ಮೇ ೨೦೦೯, ಪ್ಯಾರಮಟ್ಟಾ

ಪಕ್ಕದ ಫ್ಲ್ಯಾಟಿನ ತಿಲಕವತಿ ಆಂಟಿ ನನ್ನ ಡಬ್ಬಿ ತೊಳೆದು ಬಾಗಿಲ ಹೊರಗಿಟ್ಟು ಹೋಗಿದ್ದಾರೆ. ಖಾಲಿ. ಹಾಗೆ ಕೊಡಬಾರದೆಂದು ಕುಂಡದ ಕರಿಬೇವನ್ನಾದರೂ ಹಾಕಿ ಕೊಡುತ್ತಿದ್ದವರು.

ನಿನ್ನೆ ನಮ್ಮ ಮನೆಯಲ್ಲಿ ಆಂಟಿಯ ಜೊತೆ ಕೂತು ಟಿವಿಯಲ್ಲಿ ಅವರ ಶ್ರೀಲಂಕಾದ ಯುದ್ಧ ಮುಗಿದ ಸುದ್ದಿ ನೋಡುತ್ತಾ, ಜನರನ್ನು ಕೊಂದ ಸೈನಿಕರನ್ನು ಕೋರ್ಟಿಗೆ ಎಳೆಯಬೇಕು ಎಂದು ಕೂಗಾಡಿದವಳು ನಾನೇ. ಆಂಟಿ ಗೋಡೆಯತ್ತ ನೋಡಿ, ಯೂನಿಫಾರ್ಮಿನಲ್ಲಿದ್ದ ಅಪ್ಪನ ಫೋಟೊ ಎಲ್ಲಿ ತೆಗೆದದ್ದು ಎಂದರು.

"ಜಾಫ್ನಾ, ಎಂಬತ್ತೇಳು," ಎಂದೆ, ಹೆಮ್ಮೆಯಿಂದ. ಆಗ ಶಾಂತಿ ಕಾಯಲೆಂದು ಶ್ರೀಲಂಕಾಕ್ಕೆ ಹೋದ ಭಾರತೀಯ ಸೇನೆಯಲ್ಲಿ ಅಪ್ಪನೂ ಇದ್ದರು.

"ನನ್ನ ತಮ್ಮನನ್ನು ನಿಮ್ಮ ಸೈನಿಕರು ಕರೆದುಕೊಂಡು ಹೋದದ್ದೂ ಆಗಲೇ. ಅವನು ವಾಪಸ್ ಬರಲಿಲ್ಲ," ಎಂದು ಎದ್ದುಬಿಟ್ಟರು.

ಮೆಲ್ಬರ್ನ್‌ನಿಂದ ಅಣ್ಣ ಫೋನಿನಲ್ಲಿ, "ನಮ್ಮಪ್ಪ ಅಂಥೋರಲ್ಲ ಕಣೇ, ಬಿಡು," ಎಂದ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೇನೆ. ಆದರೆ ಜಾಫ್ನಾದ ಮಾತು ತೆಗೆದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನಿನ್ನೆ ಆಂಟಿ ಹೋದ ಹಾಗೆಯೇ.