ಎಲ್ಲರೂ ನಿಂತೇ ಉಳಿದ ಶನಿವಾರ

ಬ್ರಹ್ಮಪುರ, ಕಲಬುರಗಿ
೬ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಕೌಸ್ತುಭಾ,

ಪತ್ರ ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಒಲೆಯ ಮುಂದೆ ಕೂತವನು ನಾನು. ಮದುವೆಮನೆಗೆ ಸಾರು ಕುದಿಸು ಅಂದರೆ ಈಗಲೂ ಕುದಿಸುತ್ತೇನೆ, ಒಂದು ಹಾಳೆ ತುಂಬಿಸು ಅಂದರೆ ಕೈ ಬೆವರುತ್ತದೆ. ಆದರೂ ನೀನು ನನ್ನ ಕೈಯಿಂದ ಬರೆಸುತ್ತಿದ್ದೀ. ಹೋದ ವಾರ ಫೋನಿನಲ್ಲಿ ನಾನು ಮಾತು ತೆಗೆದ ಕೂಡಲೇ "ಅಪ್ಪಾ, ಒದರಬ್ಯಾಡ್ರಿ, ಏನಿದ್ರೂ ಬರದು ಕಳಸ್ರಿ" ಅಂತ ಇಟ್ಟೇಬಿಟ್ಟೆ. ಕಿವಿ ಮಂದವಾದವನು ಒದರದೆ ಪಿಸುಗುಡುತ್ತಾನೇನು? ಹೋಗಲಿ, ಈ ಮಾತು ಫೋನಿನಲ್ಲಿ ಆಡುವಂಥದ್ದೂ ಅಲ್ಲ. ಮೂರು ಖೋಲಿಯ ಮನೆ. ನಾನು ಬಾಯಿ ತೆಗೆದರೆ ಮೊದಲು ಸೊಸೆ ಪದ್ಮಜಾಗೆ ಕೇಳಿಸುತ್ತದೆ, ಆಮೇಲೆ ಓಣಿಗೆಲ್ಲ ಕೇಳಿಸುತ್ತದೆ. ಆಕೆ ಶಾಲೆಗೆ ಹೋದ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನೀನೂ ಕತ್ತು ಸೊಟ್ಟ ಮಾಡಿಕೊಂಡು ಓದು.

ಜಬಲ್ಪುರದಲ್ಲಿ ಚಳಿ ಶುರುವಾಗಿರಬೇಕು. ಬ್ಯಾಂಕಿಗೆ ಸ್ವೆಟರ್ ಹಾಕಿಕೊಂಡು ಹೋಗು, ಚಂದ ಕಾಣುವುದಿಲ್ಲ ಅಂತ ಬಿಟ್ಟು ಹೋಗಬೇಡ. ಹೊಟ್ಟೆ ಹೇಗಿದೆ? ದಿನಾ ಹೋಟೆಲಿನ ಪರಾಠಾ ತಿಂದರೆ ಉರಿಯದೆ ಏನು ಮಾಡೀತು! ಬಿಸಿ ಅನ್ನಕ್ಕೆ ಮೆಂತ್ಯದ ಹಿಟ್ಟು, ತುಪ್ಪ ಹಾಕಿ ಕಲಸಿಕೊ. ನಾನು ಕಳಿಸಿದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇಟ್ಟಿರುತ್ತೀ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ನಿನ್ನ ನೆನಪಾಗುತ್ತದೆ, ಒಳ್ಳೆಯ ಮಾತಿನಲ್ಲಿ ಅಲ್ಲ. ನಿನ್ನ ಹೆಂಡತಿ ಆರಾಮಿದ್ದಾಳೆ ಅಂತ ಬರೆಯುವುದು ಪದ್ಧತಿ. ಆದರೆ ಆರಾಮಿಲ್ಲ. ಜ್ವರ ಗಿರ ಅಲ್ಲ, ಗಾಬರಿಯಾಗಬೇಡ. ಪೂರ್ತಿ ಓದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಯಾಕೆಂದರೆ ನೀನು ಮರೆತವನ ಹಾಗೆ ಇದ್ದೀ. ತಿಂಗಳ ನಾಲ್ಕನೇ ಶನಿವಾರ ಮಧ್ಯಾಹ್ನ ಕಮಲಾಪುರದ ಶಾಲೆಯೊಂದರ ಹಾಲ್‌ನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರು, ಬಾಯಂದಿರು ಕೂಡುತ್ತಾರೆ. ಮೇಲಿನವರು ಹುಕುಂ ಮಾಡಿ ಕರೆದದ್ದಲ್ಲ, ತಮ್ಮ ಪಾಠ ಸುಧಾರಿಸಲಿ ಅಂತ ತಾವೇ ಕಟ್ಟಿಕೊಂಡ ಕೂಟ. ಒಬ್ಬರು ಪಾಠ ಮಾಡಿ ತೋರಿಸುತ್ತಾರೆ, ಉಳಿದವರು ಆರನೇ ಇಯತ್ತೆಯ ಹುಡುಗರಾಗಿ ಬೆಂಚಿನ ಮೇಲೆ ಕೂತು ಕಲಿಯುತ್ತಾರೆ, ಆಮೇಲೆ ಎಲ್ಲಿ ಚಲೋ ಆಯಿತು, ಎಲ್ಲಿ ಕೆಟ್ಟಿತು ಅಂತ ಚಹಾ ಕುಡಿಯುತ್ತ ಜಗಳಾಡುತ್ತಾರೆ. ಬೇರೆ ದಿನ ಪದ್ಮಜಾ ತನ್ನ ಜೊತೆ ಕಲಿಸುವ ಬಾಯಂದಿರೊಂದಿಗೆ ಗಾಡಿಯಲ್ಲಿ ಮನೆಗೆ ಬರುತ್ತಾಳೆ. ಕೂಟದ ದಿನ ಗಾಡಿ ಮೊದಲೇ ಹೊರಟುಬಿಡುತ್ತದೆ, ಈಕೆ ಸಂಜೆ ಬಸ್ಸಿಗೆ ಬರಬೇಕು. ಒಂದು ಸಲ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಮನೆಗೆ ಬರಲು ತಡವಾಯಿತು. ಅಷ್ಟನ್ನೇ ಹಿಡಿದುಕೊಂಡು, ಜಬಲ್ಪುರಕ್ಕೆ ಬದಲಿಯಾಗಿ ಹೊರಟ ದಿನ ನೀನು ನನ್ನ ಕೈಯನ್ನು ದೇವರ ಜಗುಲಿಯ ಮೇಲೆ ಇರಿಸಿದೆ. "ಆಕಿ ಕೂಟಕ್ಕ ಹೋದ್ರ ನೀವೂ ಜೋಡಿ ಹೋಗ್ರಿ. ತಿರುಗಿ ಬರೂತನಕ ಕಣ್ಣಿಂದ ಮರಿ ಮಾಡಬ್ಯಾಡ್ರಿ. ಮಾತು ಕೊಡ್ರಿ ಅಪ್ಪಾ" ಅಂದೆ. ರೈಲಿಗೆ ಹೊತ್ತಾಗಿತ್ತು, ನೀನು ಕೈ ಬಿಡಲೊಲ್ಲೆ. ಕೊಟ್ಟೆ. ದೇವರ ಮುಂದೆ ಕೊಟ್ಟ ಮಾತನ್ನು ನಾನು ಮುರಿಯುವವನಲ್ಲ ಅಂತ ನಿನಗೆ ಗೊತ್ತಿತ್ತು, ಅದಕ್ಕೇ ಅಲ್ಲಿ ನಿಲ್ಲಿಸಿ ಕೇಳಿದೆ.

ಅವತ್ತಿನಿಂದ ನನ್ನ ನಾಲ್ಕನೇ ಶನಿವಾರ ಸೆರೆಮನೆ. ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಿಸಲಾಗದೆ, ಚಾಚಲೂ ಆಗದೆ ಕೂಡಬೇಕು. ಎಲ್ಲರೂ ನಗುತ್ತಾರೆ, ಯಾಕೆ ನಗುತ್ತಾರೆ ತಿಳಿಯುವುದಿಲ್ಲ. ನಾನು ನಕ್ಕರೆ ಹುಚ್ಚ, ನಗದಿದ್ದರೆ ಸಿಡುಕ. ದೇವಿಂದ್ರಪ್ಪ ಅಂತ ಒಬ್ಬ ಮಾಸ್ತರ ಇದ್ದಾನೆ, ದೊಡ್ಡ ಕಿಲಾಡಿ. ನನ್ನನ್ನು ಕಂಡ ಕೂಡಲೇ "ಬಂದ ನೋಡ್ರೀ ನಮ್ಮ ಹಿಂದಿನ ಬೆಂಚಿನ ಹುಡುಗ! ಮಾಮಾ, ಇವತ್ತರ ಹೋಂವರ್ಕ್ ಮಾಡೀರೋ ಇಲ್ಲೋ?" ಅಂತ ಕೂಗುತ್ತಾನೆ. "ನಾ ಹೋಂವರ್ಕ್ ಮಾಡಿದ್ರ ನಿನ್ನ ನೌಕರಿ ಹೋದೀತು, ಸುಮ್ನ ಕೂಡಪಾ" ಅಂತ ನಾನೂ ಬಿಡುವುದಿಲ್ಲ. ಒಳ್ಳೆಯವನೇ. ಕೂಟ ಕಟ್ಟಿದವರು ದಿಲ್ಶಾದ್ ಬೇಗಂ, ಮೋಮಿನಪುರದವರು, ಉರ್ದು ಶಾಲೆಯ ಬಾಯಿ. ಎಲ್ಲರಿಗಿಂತ ಮೊದಲು ನನಗೆ ಚಹಾ ಕಳಿಸುತ್ತಾರೆ. ಬರುವಾಗ ಅದೇ ಬಸ್ಸಿಗೆ ಬರುತ್ತಾರೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಒಂದೇ ಖಾಲಿ ಇದ್ದರೆ ನಿನ್ನ ಹೆಂಡತಿ ಕಲಬುರಗಿಯವರೆಗೆ ನಿಂತೇ ಬರುತ್ತಾಳೆ, ಮಾವನ ಪಕ್ಕ ಕೂಡುವುದಿಲ್ಲ. ಆಗ ದಿಲ್ಶಾದ್ ಬೇಗಂ ಎದ್ದು ಬಂದು ನನ್ನ ಪಕ್ಕ ಕೂತು ತಮ್ಮ ಜಾಗ ಆಕೆಗೆ ಕೊಡುತ್ತಾರೆ. ಇದು ಪ್ರತಿ ಸಲದ ಕಥೆ. ನಮ್ಮ ಮನೆಯ ರೀತಿ ನಿನಗೆ ಗೊತ್ತು. ನಾನಿದ್ದ ಕಡೆ ಸೊಸೆ ಕೂಡುವುದಿಲ್ಲ, ಎದುರಿಗೆ ನಿಂತು ಮಾತಾಡುವುದಿಲ್ಲ, ಕೇಳಿದ್ದಕ್ಕೆ "ಹೂಂರಿ ಮಾಮಾ" ಅನ್ನುತ್ತಾಳೆ, ಅದೂ ನೆಲಕ್ಕೆ. ನಿನ್ನ ಅವ್ವ ನನ್ನ ಅಪ್ಪನ ಮುಂದೆ ಹಾಗೇ ಇದ್ದಳು. ಯಾರೂ ಹೇಳಿ ಕಲಿಸಿದ್ದಲ್ಲ.

ದಸರೆಗೆ ಮೊದಲಿನ ಕೂಟದಲ್ಲಿ ಕೈ ತೊಳೆಯಲು ಹಾಲ್‌ನ ಹಿಂದಿನ ನಳಕ್ಕೆ ಹೋದೆ. ಅಲ್ಲಿಯೂ ಕಿಟಕಿಯಿಂದ ಎಲ್ಲರೂ ಕಾಣುತ್ತಾರೆ, ಮಾತು ಮುರಿದ ಹಾಗಾಗಲಿಲ್ಲ. ಬಗ್ಗಿ ಕೈ ತೊಳೆಯುತ್ತಿರುವಾಗ ಒಳಗಿನಿಂದ ಒಬ್ಬ ಹೆಣ್ಣುಮಗಳ ದನಿ. ಎಂಥ ದನಿ ಅಂತೀ! ನನ್ನ ಈ ಕಿವಿಗೂ ಕೇಳಿಸಿತು. ಗದರಿಸುತ್ತಾಳೆ, ನಗಿಸುತ್ತಾಳೆ, ಹಾಡಿದ ಹಾಗೆ ಏನೋ ಹೇಳಿಸುತ್ತಾಳೆ, ಹಾಲ್ ಪೂರ್ತಿ ಅವಳ ಹಿಂದೆ ಕೂಗುತ್ತಿದೆ. ಹೊರಗೆ ಬಂದ ದೇವಿಂದ್ರಪ್ಪನನ್ನು "ಯಾರೋ ಇಕಿ, ಹೊಸದಾಗಿ ಬಂದಾಳೇನು?" ಅಂತ ಕೇಳಿದೆ. ಅವನು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. "ನಿಮ್ಮ ಸೊಸೀನರೀ ಮಾಮಾ! ನೀವು ಹೊರಗ ಹೋದ್ರ ಹಿಂಗ ಗುಡಗತಾರ ನೋಡ್ರಿ." ನಾನು ಒದ್ದೆ ಕೈಯಲ್ಲೇ ಒಳಗೆ ಬಂದೆ. ಬಾಗಿಲಲ್ಲಿ ಕಾಲಿಟ್ಟೆನೋ ಇಲ್ಲವೋ, ದೀಪದ ಬತ್ತಿ ಇಳಿಸಿದ ಹಾಗೆ ಆ ದನಿ ಇಳಿಯಿತು. ಹೆಗಲ ಮೇಲೆ ಸೆರಗು ಬಂತು. ಇಷ್ಟು ದಿನ ಆ ಹಾಲ್‌ನಲ್ಲಿ ಸಿಕ್ಕಿಬಿದ್ದವನು ನಾನೊಬ್ಬನೇ ಅಂತ ತಿಳಿದಿದ್ದೆ.

ದಿಲ್ಶಾದ್ ಬೇಗಂ ಬರುವ ಮಾರ್ಚಿಗೆ ನಿವೃತ್ತರಾಗುತ್ತಾರೆ. ಕೂಟವನ್ನು ಇನ್ನು ಮುಂದೆ ನಡೆಸುವವರು ಯಾರು ಅಂತ ಆರಿಸಲು ದೀಪಾವಳಿ ಮುಗಿದ ಶನಿವಾರ ಕೂಟದವರೇ ಕರೆಸಿದ ಇಲಾಖೆಯ ಇಬ್ಬರು ಸಾಹೇಬರು ಕಲಬುರಗಿಯಿಂದ ಬಂದಿದ್ದರು. ಪದ್ಮಜಾ ಪಾಠ ಮಾಡಿ ತೋರಿಸಬೇಕು. ಆ ಕೆಲಸ ತನಗೆ ಬರಲಿ ಅಂತ ಆಕೆಗೆ ಎಷ್ಟು ಆಸೆ ಅಂದರೆ, ಹಬ್ಬದ ಫರಾಳ ಕರಿಯುವಾಗಲೂ ಕಡಾಯಿಗೆ ಇಂಗ್ಲಿಷ್ ಹೇಳುತ್ತಿದ್ದಳು. ಅವತ್ತು ನಾನು ಹೊರಗೇ ಕೂತೆ, ಬಾಗಿಲಿಗೆ ಎದುರಾಗಿ, ಬೇವಿನ ಗಿಡದ ಕೆಳಗೆ. ಆಕೆ ಕುರ್ಚಿ ತಂದಳು. ಮತ್ತೆ ನೀರು ತಂದಳು. ಮಾವನನ್ನು ಹೊರಗೆ ಕೂಡಿಸಿ ತಾನು ಫ್ಯಾನಿನ ಕೆಳಗೆ ನಿಂತು ಪಾಠ ಮಾಡುವುದು ಆಕೆಯಿಂದ ಆಗಲಿಲ್ಲ. ಸಾಹೇಬರೇ ಎದ್ದು ಬಂದು "ಹಿರಿಯರು ಒಳಗ ಬರ್ರಿ" ಅಂದರು. ಹೋದೆ.

ಪಾಠ ಏನೆಂದರೆ, ಕಲಿಸುವ ಬಾಯಿ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುವುದು, ಹುಡುಗರಾದವರು ಹಾಗೇ ಮಾಡುವುದು. ಆಕೆ ಏಳಿರಿ ಅಂದಳು, ದನಿ ಸಣ್ಣದಾಗಿತ್ತು, ಆದರೂ ಎಲ್ಲರೂ ಎದ್ದರು, ದೇವಿಂದ್ರಪ್ಪ ಹುಡುಗನ ಹಾಗೆ ಚಡ್ಡಿ ಏರಿಸಿಕೊಂಡವನಂತೆ ಮಾಡಿ ಎದ್ದ. ಎಲ್ಲರೂ ಎದ್ದ ಮೇಲೆ ನಾನೊಬ್ಬ ಕೂತರೆ ಸೊಸೆಯ ಮಾತಿಗೆ ಕಿಮ್ಮತ್ತಿಲ್ಲ ಅಂತ ಸಾಹೇಬರಿಗೆ ಅನಿಸೀತು. ನಾನೂ ಬೆಂಚು ಹಿಡಿದುಕೊಂಡು ಎದ್ದೆ. ಅಷ್ಟೇ ನೋಡು. ಆಕೆಯ ಮುಖ ಬಿಳಿಚಿತು. ತನ್ನ ಅಪ್ಪಣೆಗೆ ಮಾವ ಎದ್ದು ನಿಂತಿದ್ದಾನೆ! ಇನ್ನು ಕೂಡಿರಿ ಅನ್ನಬೇಕು. ಮಾವನಿಗೆ ಕೂಡು ಅನ್ನುವುದು ಹೇಗೆ? ಬಾಯಿ ತೆರೆದಳು, ಮುಚ್ಚಿದಳು. ಹೇಳದೆ ಯಾರೂ ಕೂಡುವ ಹಾಗಿಲ್ಲ, ಅದು ಆಟದ ಕಾಯಿದೆ. ಹಾಲ್ ಪೂರ್ತಿ ನಿಂತಿದೆ. ನನ್ನ ಮೊಣಕಾಲು ನಡುಗುತ್ತಿದೆ, ನಾನು ಕೂತರೆ ಆಕೆಯ ಪಾಠ ಕೆಡುತ್ತದೆ ಅಂತ ಹಲ್ಲು ಕಚ್ಚಿ ನಿಂತೆ. ನಾನು ನಿಂತದ್ದಕ್ಕೇ ಕೆಡುತ್ತಿದೆ ಅಂತ ನನಗೆ ಹೊಳೆಯಲಿಲ್ಲ. ಕೊನೆಗೆ ದಿಲ್ಶಾದ್ ಬೇಗಂ "ಸಾಕು, ಸಬ್ ಕೂಡ್ರಿ, ಚಾಯ್ ಬಂತು" ಅಂದರು. ಚಹಾ ಬಂದಿರಲಿಲ್ಲ. ಹೋಗುವಾಗ ಸಾಹೇಬರು ಹೇಳಿದ್ದು ಒಂದೇ ಮಾತು, ಬಾಯಿಯವರ ದನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ ಅಂತ.

ಬಸ್ಟ್ಯಾಂಡಿನಲ್ಲಿ ಆಕೆಗೆ ಕೆಂಪು ಬಾಳೆಹಣ್ಣು ಕೊಂಡು ಕೊಟ್ಟೆ. ಬ್ರಹ್ಮಪುರದವರೆಗೂ ಮಡಿಲಲ್ಲಿ ಇಟ್ಟುಕೊಂಡು ಬಂದಳು, ಸುಲಿಯಲಿಲ್ಲ. ನನಗೆ ಸಿಟ್ಟು ಬಂದು "ಜೋರಾಗಿ ಮಾತಾಡಲಿಕ್ಕೇನು ಧಾಡಿ ನಿನಗ?" ಅಂತ ಗದರಿಸಿದೆ. "ಹೂಂರಿ ಮಾಮಾ" ಅಂದಳು, ಇನ್ನೂ ಸಣ್ಣಗೆ. ದಿಲ್ಶಾದ್ ಬೇಗಂ ನನ್ನ ಕಡೆ ತಿರುಗಿ, "ಚಾಚಾ, ಬುರಾ ಮತ್ ಮಾನೋ, ತಪ್ಪು ತಿಳೀಬ್ಯಾಡ್ರಿ. ಸಾಹೇಬರಿಗಿ ಕೈಕಾಲು ಬಿದ್ದು ಮುಂದಿನ ತಿಂಗಳು ಇಪ್ಪತ್ತೆರಡಕ್ಕ ಮತ್ತೊಂದು ಮೌಕಾ ತೊಗೊಂಡೀನಿ. ಅವತ್ತು ನೀವು ಮನ್ಯಾಗ ಇರ್ರಿ. ನಾ ಇದ್ದೀನಲ್ಲ, ನಿಮ್ಮ ಬಹೂನ ಬಾಗಲಿಗೆ ಮುಟ್ಟಸ್ತೀನಿ" ಅಂದರು. ಅವರು ಆ ರಸ್ತೆಯಲ್ಲಿ ಓಡಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರ ಜೊತೆ ಬರಲಿ ಅಂತ ನಾನು ಮೊದಲೊಮ್ಮೆ ಹೇಳಿದಾಗ ನೀನು "ನಮ್ಮ ಮನಿಯವರ ಜೋಡಿ ಇರಬೇಕ್ರಿ" ಅಂದೆ. ಮನೆಯವರು ಇದ್ದದ್ದರಿಂದ ಏನಾಯಿತು ಅಂತ ಮೇಲೆ ಬರೆದಿದ್ದೇನೆ.

ನಾನು ಮಾತು ಕೊಟ್ಟವನು, ಮುರಿಯಲಾರೆ. ಪಡೆದವನು ನೀನು, ನೀನು ತಿರುಗಿ ತೊಗೊಳ್ಳಬಹುದು. ಅಪ್ಪ ಬೇಡ, ಒಬ್ಬಳೇ ಹೋಗು, ದಿಲ್ಶಾದ್ ಬಾಯಿಯವರ ಜೊತೆ ಬಾ ಅಂತ ಆಕೆಗೆ ಹೇಳು. ನಾನು ಹೇಳಿದರೆ ಮಾವ ಸಿಟ್ಟಿನಿಂದ ಅಂದರು ಅಂತ ತಿಳಿಯುತ್ತಾಳೆ. ಇಷ್ಟಾದರೂ ಕಾವಲು ಬೇಕಾದರೆ, ನಾಲ್ಕನೇ ಶನಿವಾರ ನಿನ್ನ ಬ್ಯಾಂಕಿಗೂ ರಜೆ. ನೀನೇ ಬಂದು ಹಿಂದಿನ ಬೆಂಚಿನಲ್ಲಿ ಕೂಡು.

ವೇಳೆಗೆ ಉಣ್ಣು. ರಾಯರು ನಿನಗೆ ಆರೋಗ್ಯ ಕೊಡಲಿ, ಅದರ ಜೊತೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಪ್ಪ,
ನರಸಿಂಹ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಬರೆಯಬಾರದು ಅಂತ ಇದ್ದೆ, ಆದರೆ ಇದೇ ಮುಖ್ಯ. ಇವತ್ತು ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟವಳು ಹೊಸ್ತಿಲಲ್ಲಿ ನಿಂತು, "ಮಾಮಾ, ನಿಮ್ಮ ಮೊಣಕಾಲಿಗೆ ತ್ರಾಸ ಆಗ್ತದ. ನಾ ಕೂಟಾನ ಬಿಡ್ತೀನಿ. ಹತ್ತೊಂಬತ್ತಕ್ಕ ದಿಲ್ಶಾದ್ ಮೇಡಮ್‌ಗ ಒಲ್ಲೆ ಅಂತ ಹೇಳ್ತೀನಿ" ಅಂದಳು. ನನಗೆ ಸರಿಯಾಗಿ ಕೇಳಿಸಲಿ ಅಂತ ಗಟ್ಟಿಯಾಗಿ ಹೇಳಿದಳು. ಈ ಮನೆಯೊಳಗೆ ಆಕೆಯ ಆ ದನಿ ಕೇಳಿದ್ದು ಇದೇ ಮೊದಲು, ಅದನ್ನೂ ಬಿಡುವ ಮಾತಿಗೆ ಖರ್ಚು ಮಾಡಿದಳು. ಹದಿನೆಂಟನೇ ತಾರೀಖು ಮಂಗಳವಾರದೊಳಗೆ ಫೋನ್ ಮಾಡು. ನನಗಲ್ಲ, ಆಕೆಗೆ.